ಹೆಸರು ಕರೆದಾಗ

ಕೋಲ್ಟರ್ಸ್ ಮಿಲ್
4 ಸೆಪ್ಟೆಂಬರ್ 1958

ಲೆಂಡನ್,

ನೀನು ರಾಜಧಾನಿಗೆ ಹೊರಟ ದಿನದಿಂದ ಊರಿನಲ್ಲಿ ನಾಲ್ಕು ಜನ ಸೇರಿದ ಕಡೆಯೆಲ್ಲ ಒಂದೇ ಮಾತು. ನಮ್ಮ ಹೈಸ್ಕೂಲಿಗೆ ಈ ವರ್ಷ ಒಂಬತ್ತು ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳಲೇಬೇಕು ಎಂದು ಜಡ್ಜ್ ಹೇಳಿಯಾಯಿತು. ಅಂಥ ಒಂದು ಮಗು ಬಿಳಿಯರ ಶಾಲೆಯ ಹೊಸಿಲು ತುಳಿದರೂ ಆ ಶಾಲೆಗೆ ಬೀಗ ಹಾಕಬೇಕು ಎಂದು ನಿಮ್ಮ ಗವರ್ನರ್ ಮಸೂದೆ ತಂದಿದ್ದಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೆ, ಕೊಯ್ಯುವವರನ್ನು ಈಗ ಕಣ್ಣಾರೆ ನೋಡುತ್ತಿದ್ದೇನೆ.

ಮೊನ್ನೆ ರೂಬಿ ಟಿಸ್ಡೇಲ್ ಶಾಲೆಗೆ ಬಂದಿದ್ದಳು. ಹೊಗೆಸೊಪ್ಪಿನ ಗೋದಾಮಿನಲ್ಲಿ ಎಲೆ ವಿಂಗಡಿಸುತ್ತಾಳಲ್ಲ, ಅವಳೇ. ಜೊತೆಯಲ್ಲಿ ಮಗಳು ವರ್ನಾ, ಆ ಒಂಬತ್ತರಲ್ಲಿ ಒಬ್ಬಳು. ಹುಡುಗಿ ನನ್ನನ್ನು ನೆಟ್ಟಗೆ ನೋಡಿ, "ಮಿಸ್, ನಮ್ಮ ಶಾಲೇಲಿ ಲ್ಯಾಟಿನ್ ಹೇಳಿಕೊಡೋರಿಲ್ಲ. ಇಲ್ಲಿ ನೀವು ಹೇಳಿಕೊಡ್ತೀರಂತೆ. ಕೊನೇ ವರ್ಷ ಒಂದರಲ್ಲೇ ಎಲ್ಲಾ ಕಲೀಬಹುದಾ?" ಎಂದಳು. ಆಗುವುದಿಲ್ಲ, ಆದರೆ ಅರ್ಧ ಆಗುತ್ತದೆ ಎಂದೆ. "ಅರ್ಧವೇ ಸಾಕು" ಎಂದಳು.

ನಾನೇನೂ ದೊಡ್ಡ ಸುಧಾರಕಿಯಲ್ಲ, ನಿನಗೇ ಗೊತ್ತು. ಮೂವತ್ತೊಂದು ವರ್ಷ ಬಿಳಿಯ ಮಕ್ಕಳಿಗೆ ಮಾತ್ರ ಪಾಠ ಹೇಳಿದವಳು, ಯಾಕೆ ಹೀಗೆ ಎಂದು ಒಂದು ದಿನವೂ ಕೇಳಿದವಳಲ್ಲ. ಆದರೆ ಶಾಲೆಗೆ ಬೀಗ ಹಾಕುವುದನ್ನು ನನ್ನಿಂದ ನೋಡಲಾಗದು. ನಿನ್ನಿಂದ ನಾನು ಇಲ್ಲಿಯವರೆಗೆ ಏನನ್ನೂ ಕೇಳಿಲ್ಲ, ಈಗ ಕೇಳುತ್ತಿದ್ದೇನೆ. ಆ ಮಸೂದೆಗೆ ಬೇಡ ಎನ್ನು.

ಕಾರ್ನೀಲಿಯ

•

ರಾಜಧಾನಿ, ಸೆನೆಟ್ ಭವನ
9 ಸೆಪ್ಟೆಂಬರ್ 1958

ಅಕ್ಕಾ,

ನಿನ್ನ ಕಾಗದ ಓದಿ ನಕ್ಕೆ, ಆಮೇಲೆ ನಗು ನಿಂತಿತು. ಚಿಂತೆ ಮಾಡಬೇಡ. ಎಣಿಕೆ ನಮ್ಮ ಕಡೆ ಇದೆ. ಬೀಗಕ್ಕೆ ಒಪ್ಪದವರು ಮೂರು ಮಂದಿ ಹೆಚ್ಚೇ ಇದ್ದೇವೆ. ಗವರ್ನರ್ ಕಡೆಯವರು ರಾತ್ರಿ ಹಗಲು ಒಬ್ಬೊಬ್ಬರ ತೋಳು ಹಿಡಿದು ಮೂಲೆಗೆ ಕರೆದೊಯ್ಯುತ್ತಿದ್ದಾರೆ, ಆದರೂ ಮಸೂದೆ ಬೀಳುತ್ತದೆ.

ಇನ್ನೊಂದು ಮಾತು. ಹಿರಿಯ ಸ್ಟ್ರೋತರ್ ಆಸ್ಪತ್ರೆಯಲ್ಲಿದ್ದಾರೆ, ಪಿತ್ತಕೋಶದ ಕಲ್ಲು. ನಿನ್ನೆ ನನಗೆ ಹೇಳಿಕಳಿಸಿ ಜೋಡಿ ಕೇಳಿದರು, ಕೊಟ್ಟೆ. ನಮ್ಮಲ್ಲಿ ಅದು ಹಳೆಯ ಪದ್ಧತಿ. ಒಬ್ಬ ಕಾಯಿಲೆ ಬಿದ್ದರೆ ಎದುರು ಕಡೆಯ ಒಬ್ಬ ತನ್ನ ವೋಟನ್ನೂ ಹಾಕದೆ ಕೂರುತ್ತಾನೆ, ಲೆಕ್ಕ ಸರಿಹೋಗುತ್ತದೆ. ಅವರು ಬೀಗದ ಕಡೆ, ನಾನು ವಿರುದ್ಧ. ಹಾಸಿಗೆ ಹಿಡಿದವನಿಗೆ ಜೋಡಿ ಇಲ್ಲ ಎಂದವನನ್ನು ನಾನು ಈ ಮನೆಯಲ್ಲಿ ನೋಡಿಲ್ಲ. ಅದಕ್ಕೆ ಬರವಣಿಗೆಯಿಲ್ಲ, ಸಾಕ್ಷಿಯಿಲ್ಲ, ಬರೀ ಮಾತು. ಈ ಮನೆಯಲ್ಲಿ ಇನ್ನೂ ಉಳಿದಿರುವ ಒಳ್ಳೆಯದೆಂದರೆ ಅದೊಂದೇ ಎಂದು ನನಗೆ ಆಗಾಗ ಅನ್ನಿಸುತ್ತದೆ.

ನನ್ನನ್ನು ಕೈಹಿಡಿದು ರಾಜಕೀಯಕ್ಕೆ ತಂದವರು ಅವರು. ನೀನು ಬೇಸರ ಮಾಡಿಕೊಳ್ಳಬಾರದು.

ಲೆಂಡನ್

•

ಕೋಲ್ಟರ್ಸ್ ಮಿಲ್
12 ಸೆಪ್ಟೆಂಬರ್ 1958

ಲೆಂಡನ್,

ಅಂದರೆ ಒಂದೇ ನೊಗದ ಎರಡು ಎತ್ತುಗಳಲ್ಲಿ ಒಂದು ಮಲಗಿತೆಂದು ಇನ್ನೊಂದೂ ಮಲಗಬೇಕು. ಹೊಲ ಉಳುವವರು ಯಾರಪ್ಪ?

ಎಣಿಕೆ ಸರಿಯಿದ್ದರೆ ನನ್ನ ತಕರಾರಿಲ್ಲ. ಆದರೆ ಹಾಗೆ ಮೂಲೆಗೆ ಹೋದವರಲ್ಲಿ ಇಬ್ಬರು ತಿರುಗಿಕೊಂಡರೆ? ಗುಮಾಸ್ತ ನಿನ್ನ ಹೆಸರು ಕರೆದಾಗ ಏನೆನ್ನುತ್ತೀ? ಅದಕ್ಕೆ ಉತ್ತರ ಬರೆ.

ಸ್ಟ್ರೋತರ್ ಬಗ್ಗೆ ಒಂದು ಮಾತು ಬರೆಯಲು ಹೊರಟಿದ್ದೆ. ಬೇಡ. ಅಪ್ಪ ಆಡಬೇಡ ಎಂದ ಮಾತು, ಅಪ್ಪ ಈಗಿಲ್ಲ.

ವರ್ನಾಗೆ ಮೊದಲ ಲ್ಯಾಟಿನ್ ಪುಸ್ತಕ ಕೊಟ್ಟು ಕಳಿಸಿದೆ. ಅದರೊಳಗೆ ಹಿಂದೆ ಓದಿದ ಹುಡುಗರೆಲ್ಲ ಬರೆದ ಹೆಸರುಗಳಿವೆ, ನಿನ್ನದೂ ಇದೆ, ಮೀಸೆ ಬರೆದ ಸೀಸರನ ಚಿತ್ರದ ಪಕ್ಕದಲ್ಲಿ.

ಕಾರ್ನೀಲಿಯ

•

ರಾಜಧಾನಿ
18 ಸೆಪ್ಟೆಂಬರ್ 1958

ಅಕ್ಕಾ,

ಪತ್ರಿಕೆಯಲ್ಲಿ ಓದುವ ಮೊದಲು ನನ್ನಿಂದಲೇ ಗೊತ್ತಾಗಲಿ. ಮಸೂದೆ ಒಂದು ವೋಟಿನಿಂದ ಪಾಸಾಯಿತು. ನಮ್ಮ ಕಡೆಯ ಇಬ್ಬರು ಕೊನೆಯ ಗಳಿಗೆಯಲ್ಲಿ ತಿರುಗಿದರು. ಒಬ್ಬನಿಗೆ ಸೇತುವೆ ಕೊಟ್ಟರಂತೆ, ಇನ್ನೊಬ್ಬನ ಅಳಿಯನಿಗೆ ಕೆಲಸ.

ಸಮಸಮವಾದರೆ ನಮ್ಮಲ್ಲಿ ಮಸೂದೆ ಬಿದ್ದಂತೆ. ನಾನು ಬೇಡ ಎಂದಿದ್ದರೆ ಸಮವಾಗುತ್ತಿತ್ತು. ನನ್ನ ಸರದಿ ಬಂದು ಗುಮಾಸ್ತ "ಮೇಬ್ರಿ" ಎಂದ. ಎದ್ದೆ. ನನ್ನ ಹಿಂದಿನ ಬೆಂಚಿನವನು "ಎಣಿಸ್ಕೊಂಡ್ ಮಾತಾಡಪ್ಪಾ" ಎಂದು ಪಿಸುಗುಟ್ಟಿದ. ನನಗೂ ಎಣಿಸಲು ಬರುತ್ತದೆ. ಸೆನೆಟರ್ ಸ್ಟ್ರೋತರ್ ಜೊತೆ ನನ್ನ ಜೋಡಿಯಿದೆ, ವೋಟು ಹಾಕುವುದಿಲ್ಲ ಎಂದು ಹೇಳಿ ಕೂತೆ. ಕೊಟ್ಟ ಮಾತು ಕೊಟ್ಟಿದ್ದೇ, ಅಕ್ಕ. ಅನುಕೂಲ ನೋಡಿಕೊಂಡು ಮುರಿಯುವುದಾದರೆ ಅದನ್ನು ಮಾತು ಅನ್ನುವುದೇಕೆ?

ಅಪ್ಪ ಇದ್ದಿದ್ದರೆ ಹೀಗೇ ಮಾಡುತ್ತಿದ್ದ. ಅಷ್ಟನ್ನು ನೀನು ಒಪ್ಪುತ್ತೀ ಎಂದುಕೊಂಡಿದ್ದೇನೆ.

ಲೆಂಡನ್

•

ಕೋಲ್ಟರ್ಸ್ ಮಿಲ್
23 ಸೆಪ್ಟೆಂಬರ್ 1958

ಪತ್ರಿಕೆಯಲ್ಲಿ ಹೌದು ಎಂದವರದೊಂದು ಪಟ್ಟಿ, ಬೇಡ ಎಂದವರದೊಂದು. ಎರಡರಲ್ಲೂ ನಿನ್ನ ಹೆಸರಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು, ಎರಡು ಕಡೆಯವರೂ ನಿನ್ನನ್ನು ಬೈಯುವ ಹಾಗಿಲ್ಲ. ನಿನಗೆ ಹಾಯಾಗಿರಬೇಕು.

ನಿನ್ನೆ ಶೆರಿಫ್ ಬಂದು ಬಾಗಿಲಿಗೆ ಸರಪಳಿ ಹಾಕಿದ. ಅವನಿಗೂ ನಾನೇ ಪಾಠ ಹೇಳಿದ್ದು. "ಸಾರಿ ಮಿಸ್" ಎಂದು ಟೋಪಿ ತೆಗೆದ. ಟೋಪಿ ತೆಗೆಯುವುದನ್ನು ನಮ್ಮ ಗಂಡಸರು ಎಂದೂ ಮರೆಯುವುದಿಲ್ಲ.

ಕಾ.

•

ರಾಜಧಾನಿ
2 ನವೆಂಬರ್ 1958

ಅಕ್ಕಾ,

ಇದು ಮೂರನೆಯ ಕಾಗದ. ಉತ್ತರ ಬರೆಯದಿದ್ದರೂ ಓದುತ್ತಿದ್ದೀಯಲ್ಲ, ಅಷ್ಟು ಗೊತ್ತು. ನೀನು ಓದದೆ ಬಿಟ್ಟ ಹಾಳೆ ಎಲ್ಲಿದೆ?

ಹಾಯಾಗಿರಬೇಕು ಎಂದೆಯಲ್ಲ, ಆ ಮಾತು ಚುಚ್ಚಿತು. ಯಾಕೆಂದರೆ ಮೊದಲ ಎರಡು ದಿನ ನಿಜವಾಗಿಯೂ ಹಾಯಾಗಿತ್ತು. ಊರಿನಿಂದ ಬಂದ ಒಬ್ಬ ವ್ಯಾಪಾರಿ ನನ್ನ ಬೆನ್ನು ತಟ್ಟಿ, "ಒಳ್ಳೇ ಕೆಲಸ ಮಾಡಿದ್ರಿ ಸಾರ್, ಹಾವೂ ಸಾಯಲಿಲ್ಲ ಕೋಲೂ ಮುರೀಲಿಲ್ಲ" ಎಂದ. ಅವತ್ತಿನಿಂದ ಊಟ ರುಚಿಸುತ್ತಿಲ್ಲ.

ಬ್ಯಾಪ್ಟಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ಬಿಳಿಯ ಮಕ್ಕಳಿಗೆ ತರಗತಿ ಶುರುವಾಗಿದೆಯಂತೆ. ನೀನು ಅಲ್ಲಿ ಪಾಠ ಹೇಳುತ್ತಿದ್ದೀ ಎಂದು ಕೇಳಿ ಸ್ವಲ್ಪ ಸಮಾಧಾನವಾಯಿತು. ಕೆಲವರಿಗಾದರೂ ಓದು ತಪ್ಪಲಿಲ್ಲ.

ಲೆಂಡನ್

•

ಕೋಲ್ಟರ್ಸ್ ಮಿಲ್
24 ನವೆಂಬರ್ 1958

ಲೆಂಡನ್,

ಯಾರು ಹೇಳಿದರು ನಿನಗೆ? ಚರ್ಚಿನವರು ಕರೆದರು, ನಾನು ಹೋಗಲಿಲ್ಲ. ಪಾದ್ರಿಯ ಹೆಂಡತಿ ಮನೆಗೇ ಬಂದು, "ಕಾರ್ನೀಲಿಯಾ, ನಿನ್ನ ಹಟ ಯಾರ ಹೊಟ್ಟೆ ತುಂಬುತ್ತೆ?" ಎಂದರು. ಪೀಚ್ ಉಪ್ಪಿನಕಾಯಿಯ ಒಂದು ಜಾಡಿ ಕೊಟ್ಟು ಕಳಿಸಿದೆ.

ಬೀಗ ಹಾಕಿದ ಶಾಲೆಯ ಮೇಷ್ಟ್ರುಗಳಿಗೂ ಸಂಬಳ ಬರುತ್ತಿದೆ. ಹಾಗಾಗಿ ದಿನವೂ ಬೆಳಿಗ್ಗೆ ಹೋಗಿ ಶಾಲೆಯ ಮೆಟ್ಟಿಲ ಮೇಲೆ ಕೂತು ಬರುತ್ತೇನೆ. ಹೊಸದಾಗಿ ಹುಚ್ಚು ಹಿಡಿದಿದೆ ಎಂದು ಊರು ಮಾತಾಡಿಕೊಳ್ಳುತ್ತದೆ. ಹಳೆಯದೇ ಎನ್ನುತ್ತೇನೆ.

ಕಳೆದ ವಾರ ಅಲ್ಲಿಗೆ ಮಿಸೆಸ್ ಟಿಸ್ಡೇಲ್ ಬಂದರು. ವರ್ನಾಳ ತಾಯಿ. ಕೈಯಲ್ಲಿ ನನ್ನ ಲ್ಯಾಟಿನ್ ಪುಸ್ತಕ, ಬಟ್ಟೆಯಲ್ಲಿ ಸುತ್ತಿತ್ತು. "ತಗೊಳ್ಳಿ ಮಿಸ್. ವರ್ನಾನ ಫಿಲಡೆಲ್ಫಿಯಕ್ಕೆ ಕಳಿಸಿಬಿಟ್ವಿ, ಅವಳ ಸೋದರತ್ತೆ ಮನೆಗೆ" ಎಂದರು. ಅಲ್ಲಿ ಶಾಲೆಗೆ ಸೇರಿದಳಾ ಎಂದೆ. "ಸೇರಿಸ್ತೀವಿ ಅಂದಿದ್ದಾರೆ. ಅತ್ತೆಗೆ ಮೂರು ಚಿಕ್ಕ ಮಕ್ಕಳು, ನೋಡ್ಕೊಳ್ಳೋಕೆ ಒಂದು ಜನ ಬೇಕಿತ್ತು. ಹೇಗೋ ಏನೋ" ಎಂದರು.

ಪುಸ್ತಕ ಅವಳಲ್ಲೇ ಇರಲಿ ಎಂದೆ. ಅದಕ್ಕೆ ಅವರು, "ಬೇಡ ಮಿಸ್. ಅವಳೇ ಕೊಟ್ಟು ಕಳಿಸಿದ್ದು. ಅದರಲ್ಲಿ ಒಬ್ಬರ ಹೆಸರಿದೆಯಂತೆ, ಅದನ್ನ ದಿನಾ ನೋಡ್ತಾ ಓದೋಕಾಗಲ್ಲ ಅಂದ್ಲು" ಎಂದರು.

ಯಾರ ಹೆಸರು ಎಂದು ನಾನು ಕೇಳಲಿಲ್ಲ. ನೀನೂ ಕೇಳಬೇಡ.

ಕಾರ್ನೀಲಿಯ

•

ರಾಜಧಾನಿ
2 ಮಾರ್ಚ್ 1959

ಅಕ್ಕಾ,

ನಿನ್ನ ಹಿಂದಿನ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ಆಗಲಿಲ್ಲ. ಕ್ರಿಸ್‌ಮಸ್ಸಿಗೂ ಅದಕ್ಕೇ ಬರಲಿಲ್ಲ.

ಬೀಗದ ಕಾನೂನನ್ನು ರದ್ದುಮಾಡುವ ಮಸೂದೆ ಮುಂದಿನ ವಾರ ಸಭೆಗೆ ಬರುತ್ತದೆ. ಕೋರ್ಟುಗಳೂ ನಮ್ಮನ್ನು ಹಿಂಡುತ್ತಿವೆ, ಕಾರ್ಖಾನೆ ತರುವ ಸಾಹುಕಾರರೂ ಶಾಲೆಯಿಲ್ಲದ ರಾಜ್ಯಕ್ಕೆ ಬರುವುದಿಲ್ಲ ಎನ್ನುತ್ತಿದ್ದಾರೆ. ಪಾಸಾದರೆ ಸೆಪ್ಟೆಂಬರಿನಲ್ಲಿ ನಿನ್ನ ಶಾಲೆ ತೆರೆಯುತ್ತದೆ, ಆ ಒಂಬತ್ತು ಮಕ್ಕಳಿಗೂ. ಪಾಸಾಗದಿದ್ದರೆ ಇನ್ನೂ ಒಂದು ವರ್ಷ ಸರಪಳಿ.

ಸ್ಟ್ರೋತರ್ ಮತ್ತೆ ಆಸ್ಪತ್ರೆ ಸೇರಿದ್ದಾರೆ. ಅದು ಕಲ್ಲಾಗಿರಲಿಲ್ಲ, ಕ್ಯಾನ್ಸರ್. ಈ ಸಲ ಎದ್ದು ಬರುವುದಿಲ್ಲ. ಮತ್ತೆ ಜೋಡಿ ಕೇಳಿದರು. ಸಾಯುವವರು ಕೇಳಿದಾಗ ನನ್ನ ಬಾಯಿಂದ ಬೇರೇನೂ ಹೊರಡಲಿಲ್ಲ. ಹೂಂ ಎಂದೆ. ಎಣಿಕೆ ಈ ಸಲವೂ ಚೆನ್ನಾಗಿದೆ. ಹೋದ ಸಲವೂ ಹೀಗೇ ಬರೆದಿದ್ದೆ.

ಸುಸ್ತಾಗಿದೆ, ಅಕ್ಕ. ಐವತ್ತಕ್ಕೂ ಮೊದಲೇ ಇಷ್ಟು ಸುಸ್ತಾಗಬಾರದು.

ಲೆಂಡನ್

•

ಕೋಲ್ಟರ್ಸ್ ಮಿಲ್
5 ಮಾರ್ಚ್ 1959

ಲೆಂಡನ್,

ಇನ್ನು ಬಾಯಿ ಮುಚ್ಚಿಕೊಂಡಿರಲಾರೆ.

1931ರಲ್ಲಿ ಅಪ್ಪನಿಗೆ ಲಕ್ವ ಹೊಡೆದು ಮಲಗಿದ್ದಾಗ ನೀನು ಕಾಲೇಜಿನಲ್ಲಿದ್ದೆ. ಹಳ್ಳಿ ಶಾಲೆಗಳಿಗೆ ಹಣ ಕೊಡುವ ಮಸೂದೆ ಅಪ್ಪ ಸೆನೆಟಿನಲ್ಲಿ ತಂದದ್ದು. ಸ್ಟ್ರೋತರ್ ಅದರ ವಿರುದ್ಧ. ಅಪ್ಪ ಜೋಡಿ ಕೇಳಿದ, ಸ್ಟ್ರೋತರ್ ಕೊಟ್ಟ. ಇಬ್ಬರ ನಡುವಿನ ಮಾತು, ಮೂರನೆಯವರಿಗೆ ತಿಳಿಯದು. ಹೆಸರು ಕರೆದಾಗ ಆ ಮನುಷ್ಯ ಎದ್ದು ಬೇಡ ಎಂದ. ಮಸೂದೆ ಬಿತ್ತು. ಮರುವಾರ ಹಂದಿತೊಡೆಯ ಒಂದು ಇಡೀ ಹ್ಯಾಮ್ ತೆಗೆದುಕೊಂಡು ಅಪ್ಪನನ್ನು ನೋಡಲು ಬಂದ, ನಾನೇ ಬಾಗಿಲು ತೆಗೆದೆ. ಅಪ್ಪ ಅವನ ಜೊತೆ ಹವಾಮಾನದ ಮಾತಾಡಿದ.

ಅವನು ಹೋದ ಮೇಲೆ ಅಪ್ಪ ಸೊಟ್ಟ ಬಾಯಿಂದ ನನಗೆ ಹೇಳಿದ್ದು ಇಷ್ಟು: "ಲೆಂಡನ್‌ಗೆ ಹೇಳ್ಬೇಡ. ಅವನು ನಾಳೆ ಆ ಮನೆಗೆ ಹೋಗೋನು. ಅದು ಮಾತಿನ ಮನೆ ಅಂತ ನಂಬ್ಕೊಂಡೇ ಹೋಗ್ಲಿ."

ಆ ಹ್ಯಾಮನ್ನು ನಾವು ತಿಂದೆವು. ಚೆನ್ನಾಗಿತ್ತು.

ನೀನು ಯಾರಿಗೆ ಮಾತು ಉಳಿಸಿಕೊಳ್ಳುತ್ತಿದ್ದೀ ಎಂದು ಈಗ ಗೊತ್ತಾಯಿತಲ್ಲ. ಹೆಸರು ಕರೆದಾಗ ಎದ್ದು ನಿಲ್ಲು.

ಅಕ್ಕ

•

ರಾಜಧಾನಿ
6 ಮಾರ್ಚ್ 1959

ಅಕ್ಕಾ,

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಅದನ್ನು ನಿನಗೆ ಬರೆದ ಹೊರತು ನಿದ್ದೆ ಬರುವುದಿಲ್ಲ.

ಎಣಿಕೆ ಮತ್ತೆ ಕದಲುತ್ತಿದೆ. ಒಬ್ಬ ಈಗಾಗಲೇ ನನ್ನ ಕಣ್ಣು ತಪ್ಪಿಸುತ್ತಿದ್ದಾನೆ. ಹೋದ ವರ್ಷದ ಹಾಗೆ ಸಭೆಯಲ್ಲಿ ಕೂತು ಎಣಿಸುತ್ತಾ ಇರಲು ನನ್ನಿಂದಾಗದು ಅನ್ನಿಸಿತು. ಮುರಿಯುವುದಾದರೆ ಎದುರಿಗೆ ಹೇಳಿಯೇ ಮುರಿಯಬೇಕು.

ಸ್ಟ್ರೋತರ್ ಅರ್ಧ ಆಗಿಹೋಗಿದ್ದಾರೆ. ನನ್ನನ್ನು ನೋಡಿ ಮುಖ ಅರಳಿತು. "ಬಾ ಮರಿ, ಕೂತ್ಕೋ. ಇಲ್ಲಿ ಉಪ್ಪಿಲ್ಲದ ಗಂಜಿ ಕೊಟ್ಟು ಸಾಯಿಸ್ತಿದ್ದಾರೆ, ನನ್ನ ಕಾಯಿಲೆಗೆ ಅವಕಾಶವೇ ಇಲ್ಲ" ಎಂದರು.

"ನಿಮಗೆ ಕೊಟ್ಟ ಜೋಡಿ ವಾಪಸ್ ತಗೋತಿದ್ದೀನಿ ಸಾರ್. ನಾನು ವೋಟ್ ಹಾಕ್ತೀನಿ" ಎಂದೆ.

ಕಂಬಳಿ ಎದೆಗೆಳೆದುಕೊಂಡರು. ಆಮೇಲೆ, "ಯಾರಿಗೋಸ್ಕರ? ಆ ಒಂಬತ್ತು ಮಕ್ಕಳಿಗಾ? ಅವರ ಮುಖ ನೋಡಿದ್ದೀಯಾ ನೀನು?" ಎಂದರು. ಇಲ್ಲ ಎಂದೆ. "ನನ್ನ ಮುಖ ನೋಡಿದ್ದೀಯಲ್ಲ?" ಎಂದರು.

ಹೊರಡುವಾಗ ಕೈ ಚಾಚಿದೆ, ಹಿಡಿಯಲಿಲ್ಲ. "ನಾನೂ ನಿಮ್ಮಪ್ಪನೂ ಎದುರಾಳಿಗಳಪ್ಪ, ಆದ್ರೆ ಒಬ್ಬರಿಗೊಬ್ಬರು ಒಂದು ದಿನಾನೂ ಮಾತು ತಪ್ಪಿದೋರಲ್ಲ. ಅವನು ನಿನ್ನ ಹೀಗೆ ಬೆಳೆಸಿರಲಿಲ್ಲ" ಎಂದರು. ಮೆಟ್ಟಿಲಿಳಿಯುವಾಗ ಅಳು ಬಂತು, ತಡೆಯಲಾಗಲಿಲ್ಲ.

ಸೆಪ್ಟೆಂಬರಿನಲ್ಲಿ ನೀನು ಕೇಳಿದ್ದನ್ನು ಈಗ ಮಾಡುತ್ತಿದ್ದೇನೆ. ಸಂತೋಷ ಮಾತ್ರ ಕೇಳಬೇಡ.

ಲೆಂಡನ್

•

ರಾಜಧಾನಿ
13 ಮಾರ್ಚ್ 1959

ಅಕ್ಕಾ,

ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ನಾನು ಆಸ್ಪತ್ರೆಯಿಂದ ಬಂದು ನಿನಗೆ ಬರೆದ ಮರುದಿನ ನಿನ್ನದು ಕೈಸೇರಿತು.

ರದ್ದು ಮಸೂದೆ ನಿನ್ನೆ ಪಾಸಾಯಿತು, ಒಂದೇ ವೋಟಿನಿಂದ. ಹೆಸರು ಕರೆದಾಗ ಎದ್ದು ಹೌದು ಎಂದೆ. ಗುಮಾಸ್ತ ನನ್ನನ್ನೇ ನೋಡಿ ಇನ್ನೊಮ್ಮೆ ಹೆಸರು ಕರೆದ, ನಾನು ಜೋಡಿ ಮರೆತಿರಬೇಕೆಂದು. ಇನ್ನೊಮ್ಮೆ ಹೌದು ಎಂದೆ.

ಮಧ್ಯಾಹ್ನದ ಊಟಕ್ಕೆ ನಮ್ಮ ಮೇಜಿನಲ್ಲಿ ನನ್ನ ಕುರ್ಚಿಯಿರಲಿಲ್ಲ. ನನ್ನ ಕಡೆಗೇ ವೋಟು ಹಾಕಿದವರ ಮೇಜು ಅದು. ಒಬ್ಬ ಮಾತ್ರ ಎದ್ದು ಬಂದು, "ವೋಟ್ ಸರಿ ಲೆಂಡನ್. ಆದ್ರೆ ನಾಳೆ ನಾನು ಕಾಯಿಲೆ ಬಿದ್ರೆ ನಿನ್ನ ಹತ್ರ ಬರಲ್ಲ" ಎಂದು ಹೇಳಿಹೋದ.

ಇನ್ನು ನಿನ್ನ ಮಾತು. ಅಪ್ಪನ ವಿಷಯ ನಿನಗೆ ಇಪ್ಪತ್ತೆಂಟು ವರ್ಷದಿಂದ ಗೊತ್ತು. ಸೆಪ್ಟೆಂಬರಿನಲ್ಲೂ ಗೊತ್ತಿತ್ತು. ನೀನು ಬರೆಯಲು ಹೊರಟಿದ್ದೆ, ಬೇಡ ಎಂದು ಬಿಟ್ಟೆ. ಅವತ್ತು ಬರೆದಿದ್ದರೆ ನಾನು ಆ ಜೋಡಿಯನ್ನು ಇಟ್ಟುಕೊಳ್ಳುತ್ತಿದ್ದೆನೇ? ನಾನು ಸ್ಟ್ರೋತರಿಗೆ ಕೊಟ್ಟ ಮಾತು ಉಳಿಸಿಕೊಂಡೆ, ನೀನು ಅಪ್ಪನಿಗೆ ಕೊಟ್ಟದ್ದನ್ನು. ಬೀಗಕ್ಕೆ ಇಬ್ಬರ ಕೈಯೂ ತಾಗಿದೆ.

ಬೈಯಲೆಂದು ಬರೆದದ್ದಲ್ಲ. ಒಬ್ಬನೇ ಹೊರಲಾರೆ, ಅಷ್ಟೇ.

ಲೆಂಡನ್

•

ಕೋಲ್ಟರ್ಸ್ ಮಿಲ್
30 ಮಾರ್ಚ್ 1959

ಲೆಂಡನ್,

ಹೌದು.

ನಿನ್ನ ಹಾಗೆ ನಾನೂ ಅಪ್ಪನ ಮನೆಯಲ್ಲೇ ಬೆಳೆದವಳು. ಸತ್ತವರಿಗೆ ಕೊಟ್ಟ ಮಾತನ್ನು ಬದುಕಿರುವ ಮಕ್ಕಳಿಗಿಂತ ಮೇಲೆ ಇಟ್ಟೆ. ಇದನ್ನು ಬರೆಯಲು ಎರಡು ವಾರ ಬೇಕಾಯಿತು.

ನಾನೂ ಹೊರುತ್ತೇನೆ. ಊಟ ಬಿಡಬೇಡ.

ಅಕ್ಕ

•

ರಾಜಧಾನಿ
21 ಜುಲೈ 1959

ಅಕ್ಕಾ,

ರೇಡಿಯೋದಲ್ಲಿ ಕೇಳಿರುತ್ತೀ. ಅಭ್ಯರ್ಥಿ ಆರಿಸುವ ಪಕ್ಷದ ಚುನಾವಣೆಯಲ್ಲಿ ಸೋತೆ, ನಮ್ಮೂರಿನಲ್ಲೂ ಸೋತೆ. ಹದಿನಾರು ವರ್ಷದ ಮೇಜನ್ನು ಮೂರು ಡಬ್ಬಿಯಲ್ಲಿ ಕಟ್ಟಿಯಾಯಿತು.

ತಮಾಷೆಯೆಂದರೆ ಶಾಲೆಯ ಮಾತು ಎಲ್ಲಿಯೂ ಬರಲಿಲ್ಲ. ನನ್ನ ಎದುರಾಳಿ ಊರೂರಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಸಾಯೋನಿಗೆ ಕೊಟ್ಟ ಮಾತು ತಪ್ಪಿದೋನು ನಿಮಗೆ ಕೊಟ್ಟ ಮಾತು ಉಳಿಸ್ತಾನಾ?" ಒಳ್ಳೆಯ ಪ್ರಶ್ನೆ. ನಾನು ಜನರ ನಡುವೆ ಕೂತಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ. 1931ರದನ್ನು ನನ್ನ ಕಡೆಯವನೊಬ್ಬನಿಗೆ ಹೇಳಿಬಿಡಬೇಕೆಂದು ನನ್ನ ಬಾಯಿ ತುದಿಗೆ ಬಂದಿತ್ತು. ಬೇಡ ಎಂದು ನುಂಗಿಕೊಂಡೆ. ಸ್ಟ್ರೋತರ್ ಈಗ ಮಣ್ಣಾಗಿದ್ದಾರೆ. ಅವರ ಪೆಟ್ಟಿಗೆಯ ಹಿಂದೆ ನಡೆಯುವ ಸೆನೆಟರುಗಳ ಸಾಲಿನಲ್ಲಿ ನನ್ನನ್ನು ಕರೆಯಲಿಲ್ಲ. ನಾನು ರಸ್ತೆಯ ಆಚೆ ಟೋಪಿ ತೆಗೆದು ನಿಂತಿದ್ದೆ. ನೀನು ನಗುತ್ತೀ.

ಸೆಪ್ಟೆಂಬರಿನಲ್ಲಿ ಶಾಲೆ ತೆರೆದ ಮೇಲೆ ಆ ದಿನ ಹೇಗಾಯಿತೆಂದು ಬರೆ. ಇನ್ನು ಮೇಲೆ ನನಗೆ ಅದೊಂದೇ ಸುದ್ದಿ.

ಲೆಂಡನ್

•

ಕೋಲ್ಟರ್ಸ್ ಮಿಲ್
8 ಸೆಪ್ಟೆಂಬರ್ 1959

ಲೆಂಡನ್,

ಶೆರಿಫ್ ಬೆಳಿಗ್ಗೆ ಬಂದು ಸರಪಳಿ ಬಿಚ್ಚಿದ. ತುಕ್ಕು ಹಿಡಿದಿತ್ತು, ಸುತ್ತಿಗೆಯಲ್ಲಿ ಹೊಡೆಯಬೇಕಾಯಿತು. ಬಿಳಿಯ ಮಕ್ಕಳು ಅರ್ಧಕ್ಕೂ ಕಡಿಮೆ. ಉಳಿದವರು ಚರ್ಚಿನ ನೆಲಮಾಳಿಗೆಯಲ್ಲೇ ಇದ್ದಾರೆ, ಅದಕ್ಕೆ ಈಗ ಅಕಾಡೆಮಿ ಎಂಬ ಹೆಸರು. ಮೆಟ್ಟಿಲ ಹತ್ತಿರ ಒಂದಷ್ಟು ಗಂಡಸರು ನಿಂತಿದ್ದರು, ಕೈಯಲ್ಲಿ ಏನೂ ಇರಲಿಲ್ಲ, ಬೈಯಲು ಬಾಯಿ ಸಾಕಾಗಿತ್ತು.

ಕೋರ್ಟ್ ಆಜ್ಞೆಯಲ್ಲಿದ್ದ ಒಂಬತ್ತು ಹೆಸರನ್ನೂ ನನ್ನ ಹಾಜರಿಯಲ್ಲಿ ಬರೆದುಕೊಂಡಿದ್ದೆ. ಬಂದವರು ಇಬ್ಬರು ಎಂದು ಕಣ್ಣಿಗೆ ಕಾಣುತ್ತಿತ್ತು. ಬಂದವರನ್ನಷ್ಟೇ ಕರೆದರೆ ಸಾಕು ಎಂದು ಹೆಡ್‌ಮಾಸ್ಟರ್ ಮೆಲ್ಲಗೆ ಹೇಳಿದರು. ನಾನು ಒಂಬತ್ತನ್ನೂ ಕರೆದೆ.

ಒಂದು ಹೆಸರು ಕರೆದೆ, ಉತ್ತರವಿಲ್ಲ. ಇನ್ನೊಂದು ಕರೆದೆ, ಉತ್ತರವಿಲ್ಲ. ಬಾಗಿಲ ಹತ್ತಿರದ ಹುಡುಗ "ಯೆಸ್ ಮಿಸ್" ಎಂದ, ಧ್ವನಿ ಒಡೆದಿತ್ತು. ಅವನ ಪಕ್ಕದವನೂ "ಯೆಸ್ ಮಿಸ್" ಎಂದ, ಮತ್ತೆ ಉತ್ತರವಿಲ್ಲ. ಮೊದಮೊದಲು ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಆಮೇಲೆ ಅದೂ ನಿಂತಿತು. ಕೊನೆಗೆ "ವರ್ನಾ ಟಿಸ್ಡೇಲ್" ಎಂದೆ. ಅವಳು ಫಿಲಡೆಲ್ಫಿಯದಲ್ಲಿ ಅತ್ತೆಯ ಮಕ್ಕಳನ್ನು ನೋಡಿಕೊಂಡಿದ್ದಾಳೆ, ಶಾಲೆ ಸೇರಲೇ ಇಲ್ಲ, ಇನ್ನು ಸೇರುವುದೂ ಇಲ್ಲ. ಗೊತ್ತಿದ್ದೂ ಕರೆದೆ. ಗೊತ್ತಿದ್ದೂ ಕಾದೆ.

ಹೋದ ಸೆಪ್ಟೆಂಬರಿನಲ್ಲಿ ನಿನ್ನ ಹೆಸರು ಕರೆದಾಗ ನೀನು ವೋಟು ಹಾಕದೆ ಕೂತೆ. ಅದೇ ತಿಂಗಳು ನಾನು ಒಂದು ಸಾಲು ಬರೆಯದೆ ಬಿಟ್ಟೆ. ಎರಡೂ ಈ ತರಗತಿಗೆ ಬಂದು ಮುಟ್ಟಿವೆ, ಲೆಂಡನ್. ಅಷ್ಟು ಹೊತ್ತು ಅಷ್ಟು ಮಕ್ಕಳು ಸುಮ್ಮನಿದ್ದದ್ದನ್ನು ನಾನು ಇದುವರೆಗೆ ಕೇಳಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಮಿಸೆಸ್ ಟಿಸ್ಡೇಲ್ ಮನೆಗೆ ಹೋದೆ. ಮೂವತ್ತೆರಡು ವರ್ಷ ಈ ಊರಿನಲ್ಲಿ ಪಾಠ ಹೇಳಿದವಳು ಆ ಮನೆಗೆ ದಾರಿ ಕೇಳಬೇಕಾಯಿತು. ಬಾರದ ಉಳಿದ ಮಕ್ಕಳೆಲ್ಲಿದ್ದಾರೆ ಎಂದು ಕೇಳಿದೆ. ನಾಲ್ವರು ಊರು ಬಿಟ್ಟಾಗಿದೆ, ಇಬ್ಬರು ಗೋದಾಮಿನಲ್ಲಿ ಎಲೆ ಹೊರುತ್ತಿದ್ದಾರೆ, ಇನ್ನೂ ಊರಿನಲ್ಲೇ ಇದ್ದಾರೆ ಎಂದರು. "ಆದ್ರೆ ಮಿಸ್, ಹೋದ ವರ್ಷ ನಾವೇ ನಿಮ್ಮ ಬಾಗಿಲಿಗೆ ಬಂದ್ವಿ. ಈ ಸಲ ಅವರ ಅಪ್ಪ-ಅಮ್ಮ ನಿಮ್ಮ ಮಾತು ಕೇಳಿ ಮಕ್ಕಳನ್ನ ಕಳಿಸಲ್ಲ. ನಿಮ್ಮ ಕಡೆಯೋರ ಮಾತು ಏನು ಅಂತ ನೋಡಿದ್ದಾರೆ" ಎಂದರು.

ಹಾಗಾದರೆ ಏನು ಮಾಡಲಿ ಎಂದೆ. "ನೀವೇ ಅವರ ಮನೆಗೆ ಬಂದು ಕೇಳಿ. ನಿಮ್ಮ ತಮ್ಮನನ್ನೂ ಕರ್ಕೊಂಡ್ ಬನ್ನಿ. ಬೈತಾರೆ, ಕೇಳಿಸ್ಕೊಳ್ಳಿ" ಎಂದರು.

ನಿನಗೀಗ ಕೆಲಸವಿಲ್ಲ. ಶನಿವಾರದ ಬಸ್ಸಿಗೆ ಬಾ. ಆ ಎರಡು ಮನೆಗಳಿಗೆ ಹೋಗೋಣ.

ಅಕ್ಕ